ಜ್ವರಗೆಡ್ಡೆ ಕರಗಿದ ಮೇಲೆ ಹುಡುಗ ಎಲ್ಲಿಗೆ ಹೋದ?

ಜ್ವರಗೆಡ್ಡೆ ಎಂಬ ಮಾತು ಮಲೆನಾಡಿನಲ್ಲಿ ಹೆಚ್ಚುಕಡಿಮೆ ಸತ್ತುಹೋಗಿದೆ. ಈಗಿನ ಹುಡುಗರ ಮುಂದೆ ಅಂದರೆ ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆಗಳ ಸಾಲಿನಲ್ಲಿ ಇನ್ನೊಂದು ಇರಬೇಕು ಅಂದುಕೊಳ್ಳುತ್ತಾರೆ. ಆ ಗೆಡ್ಡೆ ಬೆಳೆಯುತ್ತಿದ್ದದ್ದು ಮಕ್ಕಳ ಹೊಟ್ಟೆಯೊಳಗೆ. ಚಳಿಜ್ವರ ಮತ್ತೆ ಮತ್ತೆ ಬಂದು ಹೋದ ಮಗುವಿನ ಗುಲ್ಮ ಊದಿಕೊಂಡು, ಎಡಪಕ್ಕೆಯ ಕೆಳಗೆ ಕಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು. ಕಡ್ಡಿಯಂಥ ಕಾಲು, ಮಡಕೆಯಂಥ ಹೊಟ್ಟೆ, ರಕ್ತವಿಲ್ಲದೆ ಬಿಳಿಚಿಕೊಂಡ ಕಣ್ಣು. ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆದು ಜೀವ ಹೋಗಬಹುದು; ಜಗಳಗಂಟಿ ಹುಡುಗರೂ ಗೆಡ್ಡೆಯಿದ್ದವನ ಹೊಟ್ಟೆಗೆ ಗುದ್ದುತ್ತಿರಲಿಲ್ಲವಂತೆ. ಹೊಸನಗರದ ಕಡೆಯವಳಾದ ನನ್ನಜ್ಜಿ ಹೇಳುತ್ತಿದ್ದಳು: "ನಮ್ ಕಾಲ್ದಲ್ಲಿ ಗೆಡ್ಡೆ ಇಲ್ದಿದ್ ಮಕ್ಳೇ ಇರ್ಲಿಲ್ಲ ಮಾರಾಯ. ಡೀಡೀಟಿ ಹೊಡ್ಯೋಕೆ ಬಂದ್ರು, ಜ್ವರ ಹೋಯ್ತು, ಮಕ್ಳೆಲ್ಲ ಇಸ್ಕೂಲಿಗೆ ಹೋಗಂಗಾಯ್ತು."

ಅಜ್ಜಿಯ ಈ ಮಾತಿನಲ್ಲಿ ಮೂರು ತುಂಡುಗಳಿವೆ. ಡಿಡಿಟಿ ಬಂದದ್ದು ನಿಜ. ಜ್ವರ ಹೋದದ್ದೂ ನಿಜ. ಮೂರನೆಯದು, ಅಂದರೆ ಜ್ವರ ಹೋದದ್ದರಿಂದಲೇ ಶಾಲೆ ತುಂಬಿತು ಎನ್ನುವುದು, ಕೇಳಿದವರು ಯಾರೂ ಎರಡನೇ ಸಲ ಯೋಚಿಸದೆ ಒಪ್ಪುವಂಥದ್ದು. ನಾನೂ ಒಪ್ಪಿದ್ದೆ. 2007ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಭಾರತದ ಲೆಕ್ಕಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂಡಿ ಕಳೆದು ನನ್ನಜ್ಜಿಯ ಮಾತನ್ನೇ ಹೇಳಿದರು. ಮೂರು ವರ್ಷ ಬಿಟ್ಟು ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈ ಹೇಳಿದ್ದು ಮತ್ತು ಹಿಂತೆಗೆದುಕೊಂಡದ್ದರ ನಡುವೆ ಇರುವ ಕತೆಯನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಹೇಳಬೇಕೆನಿಸಿದೆ.

ಮೊದಲು ಜ್ವರದ ವಿಚಾರ. ಸೊಳ್ಳೆ ಅಂದರೆ ಕೊಳಚೆ ನೀರು ಎಂದು ಪಟ್ಟಣದವರು ತಿಳಿದಿರುತ್ತಾರೆ. ಮಲೆನಾಡಿನ ಮಲೇರಿಯಾ ಹರಡುತ್ತಿದ್ದ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಬಲು ಶುದ್ಧದ ಜಾತಿ. ಅದಕ್ಕೆ ತಿಳಿನೀರೇ ಬೇಕು, ಆ ನೀರು ನಿಧಾನಕ್ಕೆ ಹರಿಯುತ್ತಲೂ ಇರಬೇಕು. ಮಳೆಗಾಲ ಮುಗಿದ ಮೇಲೆ ಹಳ್ಳದ ಅಂಚಿನಲ್ಲಿ ಹುಲ್ಲಿನ ನಡುವೆ ಜಿನುಗುವ ನೀರು, ಗದ್ದೆಯ ಬದುವಿನಿಂದ ಒಸರುವ ನೀರು, ಅಡಕೆ ತೋಟದ ಬಸಿಗಾಲುವೆ. ಅಂದರೆ ಈ ಮೂರು ತಾಲ್ಲೂಕುಗಳ ಜನ ತಮ್ಮ ಸಂಪತ್ತು ಎಂದು ಯಾವುದನ್ನು ತೋರಿಸುತ್ತಿದ್ದರೋ ಅದೇ ಸೊಳ್ಳೆಯ ತವರು. ಅದು ಮನುಷ್ಯರ ರಕ್ತವನ್ನೇ ಹುಡುಕಿಕೊಂಡು ಬರುತ್ತದೆ, ಕುಡಿದ ಮೇಲೆ ಮನೆಯೊಳಗಿನ ಕತ್ತಲೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಈ ಕೊನೆಯ ಚಾಳಿಯೇ ಮುಂದೆ ಅದಕ್ಕೆ ಮುಳುವಾಯಿತು.

ಹಳೆಯ ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಮಲೆನಾಡು ಒಂದು ತಲೆನೋವಾಗಿತ್ತು. ಕಂದಾಯ ತರುವ ಸೀಮೆ, ಆದರೆ ಇಪ್ಪತ್ತನೆಯ ಶತಮಾನದ ಮೊದಲ ಜನಗಣತಿಗಳಲ್ಲಿ ಬಯಲುಸೀಮೆಯ ತಲೆಗಳು ಹೆಚ್ಚಾದ ಹಾಗೆ ಇಲ್ಲಿನವು ಹೆಚ್ಚಾಗಲಿಲ್ಲ; ಎಷ್ಟೋ ಕಡೆ ಇಳಿದವು. ಹುಟ್ಟಿದವರಿಗಿಂತ ಸತ್ತವರು ಜಾಸ್ತಿ. ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ಹತ್ತಿ ಬರಬೇಕಾಗಿತ್ತು, ಬಂದವರೂ ಜ್ವರ ಹಿಡಿಸಿಕೊಂಡು ಇಳಿಯುತ್ತಿದ್ದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮಲೆನಾಡು ಅಭಿವೃದ್ಧಿಗೆಂದೇ ಯೋಜನೆ ಆಯಿತು. 1913ರಲ್ಲಿ ಸಂಸ್ಥಾನದ ಪ್ರಾಥಮಿಕ ಶಿಕ್ಷಣದ ಕಾನೂನೂ ಬಂತು. ಆದರೆ ಗೆಡ್ಡೆ ಹೊತ್ತ ಮಗುವನ್ನು ಎರಡು ಹಳ್ಳ ದಾಟಿಸಿ ಶಾಲೆಗೆ ಕಳಿಸುವುದು ಕಾನೂನಿನ ಕೈಯಲ್ಲಿ ಇರಲಿಲ್ಲ.

ಜ್ವರ ಎಷ್ಟಿದೆ ಎಂದು ಅಳೆಯುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ರೋಗಕ್ಕೆ ಸೊಳ್ಳೆ ಕಾರಣ ಎಂದು ತಿಳಿಯುವುದಕ್ಕೂ ಅರ್ಧ ಶತಮಾನ ಮೊದಲು. ಉತ್ತರ ಭಾರತದ ಯಮುನಾ ಕಾಲುವೆಗಳ ಸುತ್ತ ಜ್ವರ ಹೆಚ್ಚಾದಾಗ ಸರ್ಕಾರ ಬೇಕರ್, ಡೆಂಪ್‌ಸ್ಟರ್, ಯೂಲ್ ಎಂಬ ಮೂವರ ಸಮಿತಿ ಮಾಡಿತು. ಡೆಂಪ್‌ಸ್ಟರ್ ವೈದ್ಯ. ಊರೂರಿನಲ್ಲಿ ಜನರನ್ನು ನಿಲ್ಲಿಸಿ ಪಕ್ಕೆಯ ಕೆಳಗೆ ಬೆರಳಿಟ್ಟು, ನೂರರಲ್ಲಿ ಎಷ್ಟು ಜನರ ಗುಲ್ಮ ಕೈಗೆ ತಾಗುತ್ತದೆ ಎಂದು ಎಣಿಸಿದ. 1847ರ ವರದಿಯಲ್ಲಿ ಅಚ್ಚಾದ ಈ ಉಪಾಯ ಇವತ್ತಿಗೂ ಬಳಕೆಯಲ್ಲಿದೆ. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತರೊಳಗೆ ಇದ್ದರೆ ಅಷ್ಟೇನೂ ಭಯವಿಲ್ಲ. ಐವತ್ತು ದಾಟಿದರೆ ಅದು ಜ್ವರದ ಮನೆ. ರೊನಾಲ್ಡ್ ರಾಸ್ ಬೆಂಗಳೂರಿನಲ್ಲಿ ಕಾಲರಾ ಕೆಲಸಕ್ಕೆ ಸಿಕ್ಕಿಬಿದ್ದು ಒದ್ದಾಡಿ, ಕೊನೆಗೆ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡ. ಅಷ್ಟರಲ್ಲಿ ಸಾವಿರಾರು ಮಕ್ಕಳ ಹೊಟ್ಟೆ ಮುಟ್ಟಿ ನೋಡಿಯಾಗಿತ್ತು. ಎಲ್ಲಿ ಎಷ್ಟು ಎಂಬ ಲೆಕ್ಕ ಮೊದಲು, ಏಕೆ ಎಂಬುದು ಆಮೇಲೆ. 1926ರಲ್ಲಿ ಕ್ರಿಸ್ಟೊಫರ್ಸ್ ಮತ್ತು ಸಿಂಟನ್ ಎಂಬ ಇಬ್ಬರು ಇಡೀ ಭಾರತದ ಮಲೇರಿಯಾ ನಕ್ಷೆಯನ್ನೇ ಬರೆದರು. ಇಂಥ ನಕ್ಷೆಗಳು ಮುಂದೆ ಅರ್ಥಶಾಸ್ತ್ರಜ್ಞರ ಕೈಗೆ ಸಿಕ್ಕುತ್ತವೆ ಎಂದು ಬರೆದವರಿಗೆ ಹೊಳೆದಿರಲಾರದು.

ಮೈಸೂರಿನವರೂ ಈ ಕೆಲಸದಲ್ಲಿ ಹಿಂದೆ ಇರಲಿಲ್ಲ. ಸ್ವೀಟ್ ಎಂಬ ಅಮೆರಿಕನ್ನನೂ ಇಲ್ಲಿನ ಬಿ. ಅನಂತಸ್ವಾಮಿ ರಾಯರೂ ಕೂಡಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಹೊರಗೆ ಒಂದೇ ಥರ ಕಾಣುವ ಸ್ಟೀಫೆನ್ಸಿ ಸೊಳ್ಳೆಯಲ್ಲಿ ಎರಡು ಪಂಗಡಗಳಿವೆ ಎಂದು 1937ರಲ್ಲಿ ತೋರಿಸಿದರು. ಅದರಲ್ಲೊಂದಕ್ಕೆ ಮೈಸೂರೆನ್ಸಿಸ್ ಎಂದು ಹೆಸರು. ಮೈಸೂರು ಪಾಕು, ಮೈಸೂರು ಮಲ್ಲಿಗೆಯ ಜೊತೆಗೆ ಸೊಳ್ಳೆಯೊಂದೂ ಊರಿನ ಹೆಸರು ಹೊತ್ತಿದೆ ಎಂಬುದು ನಮ್ಮ ಪ್ರವಾಸಿ ಪುಸ್ತಕಗಳಲ್ಲಿ ಬರುವುದಿಲ್ಲ.

ಡಿಡಿಟಿಗೆ ಕೀಟ ಕೊಲ್ಲುವ ಗುಣವಿದೆ ಎಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಕಂಡುಕೊಂಡದ್ದು 1939ರಲ್ಲಿ. ಯುದ್ಧ ಮುಗಿಯುತ್ತಿದ್ದ ಹಾಗೆ ಅದು ನಮ್ಮ ಪಕ್ಕಕ್ಕೇ ಬಂತು. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಕೆ. ವಿಶ್ವನಾಥನ್ ಎಂಬ ಆರೋಗ್ಯಾಧಿಕಾರಿ 1945–46ರ ಹೊತ್ತಿಗೆ ಹಳ್ಳಿಹಳ್ಳಿಯ ಗೋಡೆಗಳಿಗೆ ಅದನ್ನು ಹೊಡೆಸಿದರು. ಸಾಗರದಿಂದ ಗುಡ್ಡ ದಾಟಿದರೆ ಸಿದ್ದಾಪುರ. ಸೊಳ್ಳೆಗೆ ಮೈಸೂರು ಯಾವುದು, ಬೊಂಬಾಯಿ ಯಾವುದು ಗೊತ್ತಿರಲಿಲ್ಲ. ಅಲ್ಲಿ ಸಿಕ್ಕ ಫಲ ಇಡೀ ದೇಶಕ್ಕೆ ಧೈರ್ಯ ಕೊಟ್ಟಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದರ ಹೆಸರಿನ ನಿಯಂತ್ರಣ ಹೋಗಿ ನಿರ್ಮೂಲನ ಬಂತು. ಶುರುವಾಗುವಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂದು ಅಂದಾಜಿತ್ತು. 1965ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಜ್ವರ ಒಂದು ಲಕ್ಷದ ಆಸುಪಾಸು.

ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದವರನ್ನು ಹಳ್ಳಿಯವರು ಮೊದಮೊದಲು ಸಂತೋಷದಿಂದ ಒಳಗೆ ಬಿಟ್ಟರು; ಮೊದಲ ಸಲ ಹೊಡೆದಾಗ ತಿಗಣೆಗಳೂ ಸಾಯುತ್ತಿದ್ದವು. ಆಮೇಲೆ ಕಷ್ಟ. ಡಿಡಿಟಿ ಕೆಲಸ ಮಾಡುವುದು ಗೋಡೆಯ ಮೇಲೆ ಉಳಿದರೆ ಮಾತ್ರ. ನಮ್ಮ ಕಡೆಯ ಗೋಡೆಯೋ ಮಣ್ಣಿನದು, ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುವಂಥದ್ದು. ಹಬ್ಬ ಬಂತೆಂದರೆ ಕೆಮ್ಮಣ್ಣು ಸಾರಿಸಬೇಕು, ಅದರ ಮೇಲೆ ಹಸೆ ಬರೆಯಬೇಕು. ಭೂಮಿ ಹುಣ್ಣಿಮೆ, ದೀಪಾವಳಿಗೆ ಗೋಡೆ ಹೊಸದಾದರೆ ಸೊಳ್ಳೆಗೂ ಹೊಸ ಜೀವ. ಇಷ್ಟೆಲ್ಲ ಇದ್ದೂ ಜ್ವರ ಹೋಯಿತು. ಒಂದು ದಶಕದೊಳಗೆ ಗೆಡ್ಡೆ ಅಪರೂಪವಾಯಿತು. ಕಾಡು ಮಾತ್ರ ಸುಮ್ಮನೆ ಬಿಡಲಿಲ್ಲ: 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಉಣ್ಣೆಯಿಂದ ಹರಡುವ ಮತ್ತೊಂದು ಜ್ವರಕ್ಕೆ ಆ ಊರಿನ ಹೆಸರೇ ಬಂತು. ಅದು ಬೇರೆ ಕತೆ.

ಅರ್ಥಶಾಸ್ತ್ರಜ್ಞರು ಬರುವುದು ಇಲ್ಲಿ. ಜ್ವರದ ಊರಿನಲ್ಲಿ ಹುಟ್ಟಿದ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ, ಮುಂದೆ ದುಡಿಮೆಯಲ್ಲೂ ಹಿಂದೆ ಬೀಳುತ್ತದೆ ಎಂಬುದು ಹಳೆಯ ಊಹೆ. ಬಸುರಿಗೆ ಮಲೇರಿಯಾ ಬಂದರೆ ಹುಟ್ಟುವ ಮಗುವಿನ ತೂಕ ಕಡಿಮೆ. ಎಳವೆಯಲ್ಲಿ ರಕ್ತಹೀನತೆ. ತಲೆಗೇರಿದರೆ ಮಿದುಳಿಗೇ ಪೆಟ್ಟು. ಹಾಗಾದರೆ ಜ್ವರ ತೆಗೆದರೆ ಓದು ಎಷ್ಟು ಹೆಚ್ಚುತ್ತದೆ? ಜ್ವರದ ಊರನ್ನೂ ಜ್ವರವಿಲ್ಲದ ಊರನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಸಿಗದು. ಜ್ವರದ ಊರು ಕಾಡಿನ ಊರು, ರಸ್ತೆಯಿಲ್ಲದ ಊರು, ಮೇಷ್ಟರು ನಿಲ್ಲದ ಊರು. ಅಲ್ಲಿ ಓದದಿರುವುದಕ್ಕೆ ಹತ್ತು ಕಾರಣ. ಡಿಡಿಟಿಯ ಹಿಂದಿನ ವರ್ಷ, ಮುಂದಿನ ವರ್ಷ ಎಂದು ಹೋಲಿಸಿದರೂ ಸಿಗದು. ಅದೇ ವರ್ಷಗಳಲ್ಲಿ ಸ್ವಾತಂತ್ರ್ಯ ಬಂತು, ಬಸ್ಸು ಬಂತು, ಊರೂರಿಗೆ ಶಾಲೆ ಬಂತು. ಸಾಗರ, ಹೊಸನಗರದ ಎಷ್ಟೋ ಹಳ್ಳಿಗಳು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನೊಳಗೇ ಹೋದವು.

ಅವರು ಹಿಡಿದ ದಾರಿಯನ್ನು ಅಡಕೆ ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಮೊದಲೆಲ್ಲ ಕೊನೆಗಳಿಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟ. ಈಗ ಯೋಚಿಸಿ: ಕಣಿವೆಯ ತೋಟಕ್ಕೆ ಪ್ರತಿವರ್ಷ ಕೊಳೆ, ಮೇಲಿನ ತೋಟಕ್ಕೆ ಕೊಳೆ ಬಂದದ್ದೇ ಇಲ್ಲ. ಎರಡಕ್ಕೂ ಔಷಧಿ ಹೊಡೆದಿರಿ. ಆ ವರ್ಷ ಕಣಿವೆಯ ತೋಟದಲ್ಲಿ ಹತ್ತು ಮೂಟೆ ಹೆಚ್ಚಾಯಿತು, ಮೇಲಿನ ತೋಟದಲ್ಲೂ ಆರು ಮೂಟೆ ಹೆಚ್ಚಾಯಿತು. ಮೇಲಿನ ಆರು ಔಷಧಿಯಿಂದ ಬಂದಿರಲಾರದು. ಅಲ್ಲಿ ಕೊಳೆಯೇ ಇರಲಿಲ್ಲ. ಅದು ಒಳ್ಳೆಯ ಮಳೆಯದ್ದೋ ಗೊಬ್ಬರದ್ದೋ ಪಾಲು. ಹಾಗಾಗಿ ಕಣಿವೆಯಲ್ಲೂ ಆರನ್ನು ಕಳೆದುಬಿಡಿ. ಉಳಿದ ನಾಲ್ಕು ಮೂಟೆ ಔಷಧಿಯ ಪಾಲು. ಡಿಡಿಟಿಗೂ ಇದೇ ಲೆಕ್ಕ: ಮೊದಲೇ ಜ್ವರ ಹೆಚ್ಚಿದ್ದ ಜಿಲ್ಲೆಗಳಲ್ಲಿ ಸಿಂಪಡಣೆಗೆ ಮುಂಚೆ ಹುಟ್ಟಿದವರಿಗೂ ಆಮೇಲೆ ಹುಟ್ಟಿದವರಿಗೂ ಓದಿನಲ್ಲಿ ಎಷ್ಟು ವ್ಯತ್ಯಾಸ ನೋಡುವುದು, ಜ್ವರ ಕಡಿಮೆಯಿದ್ದ ಜಿಲ್ಲೆಗಳಲ್ಲಿ ಅದೇ ವಯಸ್ಸಿನವರ ವ್ಯತ್ಯಾಸವನ್ನು ಅದರಿಂದ ಕಳೆಯುವುದು.

ಲೆಕ್ಕಕ್ಕೆ ಒಂದು ಕಾಲಿದೆ, ಅದು ಮುರಿದರೆ ಎಲ್ಲ ಬೀಳುತ್ತದೆ. ಕಣಿವೆಯ ತೋಟದವನು ಅದೇ ವರ್ಷ ಬಸಿಗಾಲುವೆಯನ್ನೂ ತೋಡಿಸಿದ್ದರೆ? ಆಗ ಆ ನಾಲ್ಕು ಮೂಟೆಯಲ್ಲಿ ಔಷಧಿಯದ್ದೆಷ್ಟು, ಕಾಲುವೆಯದ್ದೆಷ್ಟು? ಹಿಂದೆ ಬಿದ್ದ ಊರುಗಳು ಜ್ವರ ಹೋಗದಿದ್ದರೂ ಮುಂದಿನವರನ್ನು ಓಡಿ ಹಿಡಿಯುತ್ತಿದ್ದವೋ ಏನೋ. ಒಳ್ಳೆಯ ಸಂಶೋಧಕನಿಗೆ ರಾತ್ರಿ ನಿದ್ದೆ ಕೆಡಿಸುವುದು ಇದೇ.

ಡೇವಿಡ್ ಕಟ್ಲರ್, ವಿನ್ನಿ ಫಂಗ್, ಮೈಕೆಲ್ ಕ್ರೆಮರ್, ಮೋನಿಕಾ ಸಿಂಘಾಲ್ ಎಂಬ ಆ ಹಾರ್ವರ್ಡಿನ ನಾಲ್ವರು 2007ರ ಅಕ್ಟೋಬರಿನಲ್ಲಿ ತಮ್ಮ ಕರಡು ಲೇಖನವನ್ನು ಹೊರಗೆ ಬಿಟ್ಟರು. ತಲೆಬರಹ 'ಸೊಳ್ಳೆಗಳು' ಎಂದು ಶುರುವಾಗುತ್ತಿತ್ತು. ಕ್ರೆಮರ್ ಆಗಲೇ ಹೆಸರಾದವರು. ಕೀನ್ಯಾದ ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟರೆ ಮಕ್ಕಳ ಗೈರುಹಾಜರಿ ಕಾಲುಭಾಗ ಇಳಿಯುತ್ತದೆ ಎಂದು ಎಡ್ವರ್ಡ್ ಮಿಗೆಲ್ ಜೊತೆ 2004ರಲ್ಲಿ ತೋರಿಸಿದ್ದರು. ಕರಡಿನ ಫಲಿತಾಂಶ ದೊಡ್ಡದಾಗಿತ್ತು: ಮಲೇರಿಯಾ ಹೋದದ್ದರಿಂದ ಸಾಕ್ಷರತೆಯೂ ಪ್ರಾಥಮಿಕ ಶಾಲೆ ಮುಗಿಸಿದವರ ಪ್ರಮಾಣವೂ ನೂರಕ್ಕೆ ಸುಮಾರು 12ರಷ್ಟು ಏರಿವೆ, ಜ್ವರದ ಸೀಮೆಗಳಲ್ಲಿ ಆ ಕಾಲದಲ್ಲಿ ಓದು ಹೆಚ್ಚಿದ್ದರಲ್ಲಿ ಅರ್ಧದಷ್ಟು ಇದರಿಂದಲೇ. ಗಂಡು ಹೆಣ್ಣು ಇಬ್ಬರಿಗೂ ಲಾಭ, ಪರಿಶಿಷ್ಟ ಜಾತಿ ಪಂಗಡಗಳಿಗೂ ಲಾಭ. ಹಿಂದಿನವರು ಓಡಿ ಹಿಡಿದದ್ದು ಇದಕ್ಕೆ ಕಾರಣವಲ್ಲ ಎಂದೂ ಪರೀಕ್ಷಿಸಿ ಹೇಳಿದ್ದರು. ನನ್ನಜ್ಜಿ ಬದುಕಿದ್ದರೆ "ಅಷ್ಟು ದೂರ ಕೂತು ಇಷ್ಟ್ ಹೇಳೋಕೆ ಅವ್ರಿಗೆ ಸಂಬ್ಳ ಬೇರೆ ಕೊಡ್ತಾರಾ?" ಅನ್ನುತ್ತಿದ್ದಳು.

ಅರ್ಥಶಾಸ್ತ್ರದಲ್ಲಿ ಒಂದು ಪದ್ಧತಿ ಇದೆ. ಲೇಖನ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು ಕರಡಾಗಿ ವರ್ಷಗಟ್ಟಲೆ ಓಡಾಡುತ್ತದೆ. ಯಾರು ಬೇಕಾದರೂ ಓದಿ ತಪ್ಪು ಹುಡುಕಬಹುದು. ಸಭೆಗಳಲ್ಲಿ ಎದ್ದು ನಿಂತು ಕೇಳುವವರು ಕೇಳುತ್ತಾರೆ. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಊರೆಲ್ಲ ವಿಚಾರಿಸುವುದಿಲ್ಲವೆ, ಹಾಗೆ. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಪತ್ರಿಕೆಯೊಂದರಲ್ಲಿ ಇದರ ಅಂತಿಮ ರೂಪ ಬಂತು. ಟಾಮ್ ವೋಗ್ಲ್ ಸೇರಿ ಈಗ ಐವರು. ತಲೆಬರಹದ ಸೊಳ್ಳೆ ಹಾರಿಹೋಗಿತ್ತು, ಜೊತೆಗೆ ಆ 12 ಕೂಡ. ಹೊಸ ತೀರ್ಮಾನ ಹೀಗಿತ್ತು: ಎಳವೆಯಲ್ಲಿ ಮಲೇರಿಯಾದಿಂದ ಪಾರಾದ ಗಂಡಸರು ದುಡಿಯುವ ಪ್ರಾಯಕ್ಕೆ ಬಂದಾಗ ಅವರ ಮನೆಯ ತಲಾ ಖರ್ಚು, ಅಂದರೆ ಉಣ್ಣುವುದು ಉಡುವುದು, ಸಾಧಾರಣ ಮಟ್ಟಿಗೆ ಏರಿದೆ. ಆದರೆ ಅವರು ಹೆಚ್ಚು ಓದಿದರು ಎನ್ನುವುದಕ್ಕೆ ಪುರಾವೆ ಇಲ್ಲ. ಹೆಂಗಸರ ಓದಿನ ವಿಚಾರದಲ್ಲಿ ಪುರಾವೆ ಅತ್ತಲೂ ಇದೆ, ಇತ್ತಲೂ ಇದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೋಸ ಹೋದ ಹಾಗಾಯಿತು. ಆಮೇಲೆ ಗೌರವ ಬಂತು. ನೂರಕ್ಕೆ ಹನ್ನೆರಡು ಎಂಬ ಸಂಖ್ಯೆ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವಂಥದ್ದು. ಅದನ್ನು ಇಟ್ಟುಕೊಂಡು ಒಂದಿಡೀ ಜೀವಮಾನ ಭಾಷಣ ಮಾಡಬಹುದು. ನಮ್ಮಲ್ಲಿ ಎಷ್ಟೋ ಸಂಖ್ಯೆಗಳು ಹಾಗೆಯೇ ಬದುಕಿವೆ. ತಾವೇ ಹೆತ್ತ ಸಂಖ್ಯೆಯನ್ನು ತಾವೇ ಕೈಬಿಡುವುದು ವಿಜ್ಞಾನದ ಪುಸ್ತಕಗಳಲ್ಲಿ ಸುಲಭ, ನಿಜದಲ್ಲಿ ಕಷ್ಟ.

ಆ ಸಂಚಿಕೆಯ ಇನ್ನೊಂದು ವಿಶೇಷ: ಮಲೇರಿಯಾ ಹೋದ ಮೇಲೆ ಮಕ್ಕಳಿಗೆ ಏನಾಯಿತು ಎಂಬ ಒಂದೇ ಪ್ರಶ್ನೆಗೆ ಮೂರು ಲೇಖನಗಳು ಅದರಲ್ಲಿ ಒಂದರ ಹಿಂದೊಂದು ಕೂತಿದ್ದವು. ಮೊದಲನೆಯದು ಹೊಯ್ಟ್ ಬ್ಲೀಕ್ಲಿಯದು. ಅಮೆರಿಕ, ಬ್ರೆಜಿಲ್, ಕೊಲಂಬಿಯಾ, ಮೆಕ್ಸಿಕೊಗಳಲ್ಲಿ ಜ್ವರ ಹೋದ ಮೇಲೆ ಹುಟ್ಟಿದವರ ಗಳಿಕೆ ಅವರ ಹಿಂದಿನವರಿಗಿಂತ ಏರಿದೆ, ಶಾಲೆಯ ವರ್ಷಗಳು ಮಾತ್ರ ಒಂದು ಕಡೆ ಒಂದು ಥರ. ಎರಡನೆಯದು ಏಡ್ರಿಯನ್ ಲೂಕಸ್ ಅವರದು. ಶ್ರೀಲಂಕಾ ಮತ್ತು ಪರಾಗ್ವೆಗಳಲ್ಲಿ ಜ್ವರ ಹೋದ ಮೇಲೆ ಹೆಣ್ಣುಮಕ್ಕಳ ಓದೂ ಸಾಕ್ಷರತೆಯೂ ಹೆಚ್ಚಿವೆ. ಮೂರನೆಯದು ನಮ್ಮದು. ಶ್ರೀಲಂಕಾ 1934–35ರ ಒಂದೇ ಮಲೇರಿಯಾ ಮಾರಿಗೆ ಸುಮಾರು 80,000 ಜನರನ್ನು ಕಳೆದುಕೊಂಡ ದೇಶ. ಅದು 1945ರಲ್ಲೇ ಶಿಕ್ಷಣವನ್ನು ಉಚಿತ ಮಾಡಿತ್ತು. ಡಿಡಿಟಿ ಬಂದದ್ದೂ ಆ ಹೊತ್ತಿಗೇ. ಗೆಡ್ಡೆ ಕರಗಿದ ಮಗು ಎದ್ದು ಹೊರಟಾಗ ಅಲ್ಲಿ ಶಾಲೆಯ ಬಾಗಿಲು ತೆರೆದಿತ್ತು. ಇದು ನನ್ನ ಊಹೆ, ಲೂಕಸ್ ಅವರ ತೀರ್ಮಾನವಲ್ಲ.

ನಮ್ಮಲ್ಲಿ ಮಗು ಎದ್ದು ಎಲ್ಲಿಗೆ ಹೋಯಿತು? ಬ್ಲೀಕ್ಲಿ ಇದಕ್ಕೆ ಸರಳವಾದ ವಿವರಣೆ ಕೊಡುತ್ತಾರೆ. ಆರೋಗ್ಯ ಬಂದ ಹುಡುಗ ತರಗತಿಯಲ್ಲಿ ಚುರುಕಾಗುತ್ತಾನೆ, ಸರಿ. ಅದೇ ಹುಡುಗ ಗದ್ದೆಯಲ್ಲೂ ಚುರುಕಾಗುತ್ತಾನಲ್ಲ! ಶಾಲೆಗೆ ಕಳಿಸಿದರೆ ಕಳೆದುಕೊಳ್ಳುವ ದುಡಿಮೆಯೂ ಹೆಚ್ಚಾಯಿತು. ಎರಡು ಕಡೆಯಿಂದಲೂ ಎಳೆತ. ಯಾವ ಕಡೆ ವಾಲುತ್ತದೆ ಎಂಬುದು ಮನೆಯ ಬಡತನಕ್ಕೆ ಬಿಟ್ಟದ್ದು. ಮಾರ್ಕ್ ಪಿಟ್, ಮಾರ್ಕ್ ರೋಸೆನ್‌ಝ್ವೈಗ್, ಮೊಹಮ್ಮದ್ ನಜ್ಮುಲ್ ಹಸನ್ 2012ರಲ್ಲಿ ಬಾಂಗ್ಲಾದೇಶದ ಹಳ್ಳಿಗಳನ್ನಿಟ್ಟುಕೊಂಡು ಇದನ್ನೇ ಇನ್ನಷ್ಟು ಬಿಡಿಸಿದರು: ಮೈಬಲಕ್ಕೇ ಕೂಲಿ ಸಿಗುವ ಕಡೆ ಆರೋಗ್ಯ ಸುಧಾರಿಸಿದರೆ ಗಂಡುಹುಡುಗ ದುಡಿಮೆಗೆ ಜಾರುತ್ತಾನೆ, ಓದಿನ ಲಾಭ ಹೆಣ್ಣುಮಗುವಿಗೆ ಹೆಚ್ಚು.

ಮಲೆನಾಡಿನ ಆಗಿನ ಮನೆಗಳನ್ನು ನೆನೆದರೆ ಇದು ತಕ್ಷಣ ಅರ್ಥವಾಗುತ್ತದೆ. ದನ ಕಾಯುವುದು, ಕೊಟ್ಟಿಗೆಗೆ ಸೊಪ್ಪು ಹೊರುವುದು, ಅಗೆ ಕೀಳುವುದು. ಅಡಕೆ ಸುಗ್ಗಿ ಬಂತೆಂದರೆ ಶಾಲೆ ನಡೆಯುವ ತಿಂಗಳುಗಳಲ್ಲೇ ರಾತ್ರಿಯೆಲ್ಲ ಸುಲಿಯುವುದು. ಹತ್ತು ವರ್ಷದ ಗಟ್ಟಿ ಹುಡುಗ ಅರ್ಧ ಆಳು. ಗೆಡ್ಡೆಯವನು ಕೆಲಸಕ್ಕೆ ಬಾರದವನಾದ್ದರಿಂದಲೇ ಶಾಲೆಯಲ್ಲಿ ಕೂತಿರಬಹುದಾಗಿದ್ದ ಎಂದು ಅನ್ನಿಸಿ ಮೈ ಜುಮ್ಮೆಂದದ್ದುಂಟು. ಅದರ ಮೇಲೆ ಗದ್ದೆಯೂ ಸ್ವಂತದ್ದಲ್ಲ, ಗೇಣಿಯದ್ದು. ಹುಡುಗನ ತೋಳಿನ ಹೊಸ ಬಲ ಒಡೆಯರ ಕಣಜಕ್ಕೆ ಹೋಗುವ ದಾರಿ ಚೆನ್ನಾಗಿಯೇ ಸವೆದಿತ್ತು.

ಡಿಡಿಟಿ ಬಂದ ಅದೇ ಹೊತ್ತಿಗೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ಬಿದ್ದಿದ್ದು ಕಾಕತಾಳೀಯ ಇರಬಹುದು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ. ಎಚ್. ಗಣಪತಿಯಪ್ಪ ಸಂಘಟಿಸಿದರು, 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸನಸಭೆಗೆ ಗೆದ್ದರು. ಅಂದು ಕೇಳಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕೈಗೆ ಬಂತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಹಾಕಿದರೆ ಉಳುವ ನೆಲ ಅವನದಾಗುತ್ತಿತ್ತು.

ಇದರ ಫಲವನ್ನೂ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ, ಅದೂ ಚಂದದ ಉಪಾಯದಿಂದ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಒಂದೇ ಭಾಷೆಯಾಡುವ, ಒಂದೇ ಬಗೆಯ ಪ್ರದೇಶಗಳು ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ ಬೇರೆ ಬೇರೆ ರಾಜ್ಯಕ್ಕೆ ಬಿದ್ದವು. ಆಮೇಲೆ ಆ ರಾಜ್ಯಗಳ ಗೇಣಿ ಕಾನೂನುಗಳು ಬೇರೆಯಾದವು. ಟಿಮೊತಿ ಬೆಸ್ಲಿ, ಜೆಸಿಕಾ ಲೈಟ್, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ದಕ್ಷಿಣ ಭಾರತದ ಅಂಥ ಪ್ರದೇಶಗಳನ್ನು ಹೋಲಿಸಿ 2016ರಲ್ಲಿ ಬರೆದರು. ಸುಧಾರಣೆ ಗಟ್ಟಿಯಾಗಿ ನಡೆದ ಕಡೆ ಮೂವತ್ತು ವರ್ಷದ ಮೇಲೂ ಭೂಮಿಯ ಅಸಮಾನತೆ ಕಡಿಮೆ. ಮಧ್ಯಮ ಜಾತಿಗಳವರು ಸ್ವಂತ ಬೇಸಾಯಕ್ಕೆ ಬಂದರು. ಕೆಳಜಾತಿಯ ಬಡವರು ಗೇಣಿಯ ನೆಲವನ್ನೂ ಕಳೆದುಕೊಂಡು ದಿನಗೂಲಿಗೆ ಸರಿದರು. ಕೂಲಿ ಮಾತ್ರ ಏರಿತು. ಕಾಗೋಡಿನ ಕತೆಯನ್ನು ಹಾಡಾಗಿ ಕೇಳಿ ಬೆಳೆದ ನಮಗೆ ಬಡವರು ದಿನಗೂಲಿಗೆ ಸರಿದರೆಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೆ ಹೊಸನಗರದ ಕೇರಿಗಳನ್ನು ಬಲ್ಲವರು ಅದನ್ನು ಸುಳ್ಳೆನ್ನಲಾರರು.

2019ರಲ್ಲಿ ಕ್ರೆಮರ್ ಅವರಿಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ನೊಬೆಲ್ ಬಂತು. ಪತ್ರಿಕೆಗಳೆಲ್ಲ ಕೀನ್ಯಾದ ಜಂತುಹುಳುವಿನ ಕತೆ ಬರೆದವು. ಭಾರತದ ಸೊಳ್ಳೆಯನ್ನು ಯಾರೂ ನೆನೆಸಲಿಲ್ಲ; ಏನೂ ಸಿಗಲಿಲ್ಲ ಎಂಬುದು ಸುದ್ದಿಯಾಗುವುದು ಅಪರೂಪ.

ನನ್ನಜ್ಜಿಗೆ ಇಬ್ಬರು ತಮ್ಮಂದಿರು. ದೊಡ್ಡವನು ಗೆಡ್ಡೆಯ ಹೊಟ್ಟೆಯಲ್ಲೇ ಹೋದ, ಐದಾರು ವರ್ಷಕ್ಕೆ. ಚಿಕ್ಕವನು ಹುಟ್ಟಿದ್ದು ಊರಿಗೆ ಪಂಪು ಬಂದ ಆಸುಪಾಸಿನಲ್ಲಿ. ಜ್ವರವೇ ಕಾಣದೆ ಬೆಳೆದ. ಮನೆಯಲ್ಲಿ ಅಷ್ಟು ಗಟ್ಟಿಮುಟ್ಟಾದ ಮಗು ಅದಕ್ಕೆ ಮೊದಲು ಇರಲಿಲ್ಲವಂತೆ. ಒಂಬತ್ತಕ್ಕೆ ಹಗ್ಗ ಹಿಡಿದು ಕೋಣ ಕಾದ, ಹನ್ನೆರಡಕ್ಕೆ ನೇಗಿಲು ಹಿಡಿದ. ಶಾಲೆ ಒಂದೂವರೆ ಮೈಲಿಯಲ್ಲೇ ಇತ್ತು. ಅಪ್ಪ ತೀರಿಕೊಂಡಿದ್ದರಿಂದ ಗೇಣಿ ನೆಲಕ್ಕೆ ಫಾರಂ ಹಾಕುವ ಕಾಲಕ್ಕೆ ಮನೆಗೆ ಅವನೇ ಯಜಮಾನ. ಗದ್ದೆ ಅವನ ಹೆಸರಿಗೆ ಆಯಿತು, ಆಮೇಲೆ ಅರ್ಧ ಎಕರೆ ತೋಟವನ್ನೂ ಹಾಕಿದ, ಮಕ್ಕಳನ್ನೆಲ್ಲ ಓದಿಸಿದ. ಆ ಏಳನೇ ನಂಬರ್ ಫಾರಂನ ಪ್ರತಿ ಅವನ ಮಗಳ ಹತ್ತಿರ ಇದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಾಳೆ. ಕೆಳಗೆ, ಅರ್ಜಿದಾರರ ಸಹಿ ಎಂದು ಅಚ್ಚಾದ ಕಡೆ, ನೇರಳೆ ಶಾಯಿಯ ದೊಡ್ಡ ಹೆಬ್ಬೆಟ್ಟು.